ಮೂಗು ಕೈಕೊಟ್ಟ ಚಳಿಗಾಲ

ನವೆಂಬರ್ ೯, ಶನಿವಾರ

ಮತ್ತೆ ಅದೇ ಮೂರಂತಸ್ತಿನ ಬಟ್ಟೆ ಅಂಗಡಿ, ಅದೇ ಫುಟ್‌ಪಾತು. ತುಪ್ಪಳದ ಬಟ್ಟೆ ಕೊಳ್ಳಬೇಡಿ ಎನ್ನುವ ನಮ್ಮ ಕರಪತ್ರ ಇಸಿದುಕೊಂಡವರಲ್ಲಿ ಹೆಚ್ಚಿನವರು ಅದನ್ನು ತಿರುವಿನ ಕಸದ ತೊಟ್ಟಿಗೆ ಹಾಕಿ ಹೋದರು. ಹೊರಡುವಾಗ ನಾನೇ ಕೈಹಾಕಿ, ಮುದುಡದೆ ಉಳಿದವನ್ನು ಆರಿಸಿಕೊಂಡೆ. ಮುಂದಿನ ವಾರಕ್ಕಾಯಿತು. ಇದನ್ನು ಮಿತವ್ಯಯ ಎನ್ನಬೇಕೋ ಸೋಲು ಎನ್ನಬೇಕೋ ತಿಳಿಯದು.

ಫಲಕದ ಮೇಲೆ ಮೇಷ್ಟ್ರು ಬರೆದ ನರಿ ಇದೆ. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಟ್ಟು ನಿವೃತ್ತರಾದವರು, ನಮ್ಮ ಬಳಗ ಕಟ್ಟಿದವರು. ಇವತ್ತು ಒಬ್ಬ ಹೆಂಗಸು ಫಲಕವನ್ನು ಕನಿಕರದಿಂದ ನೋಡಿ, “ಯಾವಾಗಿಂದ ಕಾಣ್ತಿಲ್ಲ ನಿಮ್ಮ ಬೆಕ್ಕು?” ಎಂದು ಕೇಳಿದಳು.

“ಅದು ನರಿ ಕಣಮ್ಮ,” ಎಂದರು ಮೇಷ್ಟ್ರು.

“ಓ, ನರೀನೂ ಸಾಕ್ತೀರಾ,” ಎಂದು ಹೋದಳು.

ಬಳಗವೆಂದರೆ ಈಗ ಉಳಿದಿರುವುದು ಮೇಷ್ಟ್ರು, ಬೀದಿಯ ತುದಿಯ ಬೇಕರಿಯವರು, ಮದುವೆ ಮನೆಗಳ ಫೋಟೊ ತೆಗೆಯುವ ಹುಡುಗಿ ಮತ್ತು ನಾನು. ಆ ಹುಡುಗಿಗೆ ಕ್ಯಾಮೆರಾ ಎಂದೇ ಹೆಸರು. ನನಗೆ ಮೂಗು ಎಂದು. ಅಂಗಡಿಯ ಕೋಟಿಗೆ ಹಚ್ಚಿದ ತುಪ್ಪಳ ಪ್ರಾಣಿಯದೋ ಪ್ಲಾಸ್ಟಿಕ್ಕಿನದೋ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಬುಡದಲ್ಲಿ ಸೂಜಿ ಚುಚ್ಚಿ ನೋಡುತ್ತೇನೆ. ಬಟ್ಟೆಯಾದರೆ ಸಲೀಸಾಗಿ ಹೋಗುತ್ತದೆ, ಚರ್ಮವಾದರೆ ತಡೆಯುತ್ತದೆ. ಸೂಜಿಗೆ ದಾರಿಯಿಲ್ಲದಿದ್ದರೆ ನಾಲ್ಕು ಎಳೆ ಸುಟ್ಟು ಮೂಸುತ್ತೇನೆ. ಪ್ಲಾಸ್ಟಿಕ್ಕಾದರೆ ಪ್ಲಾಸ್ಟಿಕ್ಕಿನ ನಾತ, ಪ್ರಾಣಿಯದಾದರೆ ನಮ್ಮ ತಲೆಕೂದಲು ಸುಟ್ಟಂಥದೇ ನಾತ. ನೀರಿನ ಪರೀಕ್ಷಾಲಯದಲ್ಲಿ ಊರಿನ ಕೊಳಾಯಿ ನೀರು ಮೂಸಿ ಸಂಬಳ ತೆಗೆದುಕೊಳ್ಳುವವಳಿಗೆ ಇದೇನು ದೊಡ್ಡ ಕೆಲಸವಲ್ಲ.

ಮನೆಗೆ ಬಂದರೆ ಹಜಾರದ ಗೂಟದಲ್ಲಿ ಅತ್ತೆಯ ಕೋಟು. ತುಪ್ಪಳದ ಕಾಲರು, ಜೇಬಿನ ತುಂಬ ನುಸಿಗುಳಿಗೆ. ಬಾಗಿಲು ತೆಗೆದೊಡನೆ ಅದರ ವಾಸನೆ ತಲೆಗೆ ಹೊಡೆಯುತ್ತದೆ. ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೇ ಬಟ್ಟೆಯವನ ಹತ್ತಿರ ಚೌಕಾಸಿ ಮಾಡಿ ಅಮ್ಮನಿಗೆ ತಂದುಕೊಟ್ಟದ್ದಂತೆ. ಇವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಅತ್ತೆ, ಆ ಕೋಟು.

“ಅದನ್ನ ಪೆಟ್ಟಿಗೇಲಿ ಇಡೋಣ ಅತ್ತೆ. ವಾಸನೆಗೆ ತಲೆ ನೋಯುತ್ತೆ.”

“ನಿನ್ನ ಮೂಗನ್ನ ಪೆಟ್ಟಿಗೇಲಿ ಇಡು,” ಎಂದರು.

ಅವರು ಮಲಗಿರುವಾಗ ಒಂದು ದಿನ ಆ ಕಾಲರಿನಿಂದ ಎರಡು ಎಳೆ ಕಿತ್ತು ಸುಟ್ಟು ನೋಡಬೇಕು. ಗೊತ್ತಾದರೂ ಆಗಲಿ.

ನವೆಂಬರ್ ೧೨, ಮಂಗಳವಾರ

ಜ್ವರ. ಕಣ್ಣುಗುಡ್ಡೆ ಹೊರಳಿಸಿದರೂ ನೋವು.

ನವೆಂಬರ್ ೧೭, ಭಾನುವಾರ

ಜ್ವರ ಬಿಟ್ಟಿದೆ. ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿದೆ.

ಗೊತ್ತಾದದ್ದು ಹಾಲಿನಿಂದ. ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದೆ. ಅತ್ತೆ ಹೊರಕೋಣೆಯಿಂದ ಧಾವಿಸಿ ಬಂದು ಒಲೆ ಆರಿಸಿದರು. ಪಾತ್ರೆಯ ತಳ ಇದ್ದಿಲಾಗಿತ್ತು. “ಪಕ್ಕದಲ್ಲೇ ಕೂತಿದ್ದೀಯ, ಮನೆಯೆಲ್ಲ ಸೀದ ವಾಸನೆ, ಏನು ಧ್ಯಾನ ಮಾಡ್ತಿದ್ದೀಯಾ?” ಎಂದು ಕೇಳಿದರು. ನಾನು ಪಾತ್ರೆಗೆ ಮುಖ ಹಾಕಿ ಉಸಿರೆಳೆದೆ. ಏನೂ ಇಲ್ಲ. ಈರುಳ್ಳಿ ಹೆಚ್ಚಿ ಹಿಡಿದೆ, ಸೋಪು ಮೂಸಿದೆ, ಕೊನೆಗೆ ಬಚ್ಚಲು ತೊಳೆಯುವ ಆ್ಯಸಿಡ್ಡಿನ ಬಾಟಲಿ ತೆಗೆದೆ. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಡಾಕ್ಟರು ಹೇಳುವುದು, ಈ ಜ್ವರದಲ್ಲಿ ಹೀಗಾಗುವುದುಂಟು, ತಾನಾಗಿಯೇ ಬರುತ್ತದೆ, ಯಾವಾಗ ಎಂದು ಹೇಳಲಾಗದು.

“ಇನ್ಮೇಲೆ ಒಲೆ ಹತ್ರ ನೀನು ಬರಬೇಡ,” ಎಂದರು ಅತ್ತೆ. ಬೈದಂತೆಯೇ ಇತ್ತು. ಒಂದೇ ಸಮಾಧಾನ ಎಂದರೆ ನುಸಿಗುಳಿಗೆಯ ಕಾಟ ತಪ್ಪಿತು.

ನವೆಂಬರ್ ೧೯, ಮಂಗಳವಾರ

ಆಫೀಸಿಗೆ ಹೋದ ಕೂಡಲೇ ಮೇಲಧಿಕಾರಿಗೆ ಹೇಳಿದೆ. ವಾಸನೆ ಪರೀಕ್ಷೆ ಬೇರೆಯವರಿಗೆ ಹೋಯಿತು, ನನ್ನನ್ನು ಬಣ್ಣ ನೋಡುವ ಮೇಜಿಗೆ ಹಾಕಿದರು. ಎರಡು ಮಾತಿನಲ್ಲಿ ಮುಗಿಯಿತು. ಯಾರೂ ಕನಿಕರಪಡಲಿಲ್ಲ, ಯಾರೂ ನಗಲಿಲ್ಲ.

ಶನಿವಾರ ಬಳಗದವರಿಗೂ ಹೇಳಬೇಕು.

ನವೆಂಬರ್ ೨೩, ಶನಿವಾರ

ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಇಲ್ಲಾದರೂ ನೆಟ್ಟಗೆ ಬರೆಯಲು ನೋಡುತ್ತೇನೆ.

ಫಲಕ ಬಿಚ್ಚುವ ಮೊದಲೇ ಅಂಗಡಿಯ ಮ್ಯಾನೇಜರ್ ಹೊರಗೆ ಬಂದರು. ನನ್ನ ವಯಸ್ಸಿನ ಹೆಂಗಸು, ಕೊರಳಲ್ಲಿ ಅಳತೆ ಟೇಪು. “ಹೊರಗೆ ನಿಂತು ನೆಗಡಿ ಮಾಡ್ಕೋಬೇಡಿ, ಒಳಗೆ ಬಂದು ನೋಡಿ,” ಎಂದರು. ಈ ಸಲ ಬಂದ ಕೋಟುಗಳ ತುಪ್ಪಳವೆಲ್ಲ ನಕಲಿ ಎಂದು ಮಾಲು ಕಳಿಸುವವರು ಹೇಳಿದ್ದಾರಂತೆ. ನಾವು ಪರೀಕ್ಷಿಸಿ ಒಪ್ಪಿದರೆ ನಮ್ಮ ಹಸಿರು ಸ್ಟಿಕರನ್ನು ಬಾಗಿಲ ಗಾಜಿಗೆ ಅಂಟಿಸುತ್ತಾರಂತೆ: ‘ಇಲ್ಲಿ ಪ್ರಾಣಿಯ ತುಪ್ಪಳ ಮಾರುವುದಿಲ್ಲ.’

ಆ ಸ್ಟಿಕರುಗಳನ್ನು ಮೇಷ್ಟ್ರು ಅಚ್ಚು ಹಾಕಿಸಿ ಎಷ್ಟೋ ವರ್ಷವಾಯಿತು. ಒಂದೂ ಖರ್ಚಾಗಿರಲಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತ, “ಹಿಂದಿನ ಗೋಂದು ಒಣಗಿ ಹೋಗಿದ್ರೆ ಏನಮ್ಮ ಮಾಡೋದು?” ಎಂದು ನನ್ನನ್ನು ಕೇಳಿದರು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಅವರ ಮುಖ ನೋಡಿ, ಕೋಣೆಗೆ ಹೋದ ಮೇಲೆ ಹೇಳೋಣ ಎಂದುಕೊಂಡೆ. ಕೋಣೆಗೆ ಹೋದೊಡನೆ ಅವರು ನನ್ನನ್ನು ಮುಂದೆ ಮಾಡಿ, “ಇವಳೇ ನಮ್ಮ ಮೂಗು. ಇವಳು ಹೇಳಿದ್ದು ಇವತ್ತಿನವರೆಗೂ ಸುಳ್ಳಾಗಿಲ್ಲ,” ಎಂದುಬಿಟ್ಟರು.

ಕೋಟಿನ ಟೋಪಿಯ ಅಂಚಿಗೆ ತುಪ್ಪಳ. ಬುಡವನ್ನು ಎರಡೂ ಬದಿ ಬಟ್ಟೆಯೊಳಗೆ ಮುಚ್ಚಿ ಹೊಲಿದಿದ್ದರು, ಸೂಜಿಗೆ ಚರ್ಮವಿದ್ದರೂ ಸಿಗದು. ಹೊಲಿಗೆ ಬಿಚ್ಚಿದರೆ ಮಾಲು ಕೆಡುತ್ತದೆ ಎಂದರು ಮ್ಯಾನೇಜರ್. ನ್ಯಾಯವೇ. ಉಳಿದದ್ದು ಸುಡುವುದು. ಕೆಲವು ಎಳೆ ಕೊಟ್ಟರು. ಹೊಗೆಗೆ ಅಲಾರಂ ಹೊಡೆದುಕೊಳ್ಳದಿರಲಿ ಎಂದು ಕಿಟಕಿ ತೆರೆದರು. ನಮ್ಮ ಪದ್ಧತಿಯಂತೆ ಉಳಿದವರೆಲ್ಲ ದೂರ, ಗೋಡೆಯ ಪಕ್ಕ ನಿಂತರು. ನಾನು ಹೇಳುವವರೆಗೆ ಯಾರೂ ಹತ್ತಿರ ಬರಬಾರದು, ಮಾತಾಡಬಾರದು. ಪರೀಕ್ಷಾ ಕೊಠಡಿಯ ನಿಯಮ, ಮೇಷ್ಟ್ರದ್ದೇ. ಒಬ್ಬರ ಉತ್ತರ ನೋಡಿ ಇನ್ನೊಬ್ಬರು ಬರೆಯಬಾರದು.

ತಟ್ಟೆಯ ಮೇಲೆ ಎಳೆಗಳು ಉರಿದವು. ಬಗ್ಗಿದೆ. ಉಸಿರೆಳೆದೆ. ಬಿಳಿ ಗೋಡೆ ಮೂಸಿದಂತಾಯಿತು. ಇನ್ನೊಂದು ದಾರಿಯಿದೆ: ಪ್ಲಾಸ್ಟಿಕ್ಕಾದರೆ ಕರಗಿ ಗಟ್ಟಿ ಕಾಳಾಗುತ್ತದೆ, ಕೂದಲಾದರೆ ಪುಡಿಯಾಗುತ್ತದೆ. ಉಳಿದದ್ದನ್ನು ಬೆರಳಲ್ಲಿ ಹಿಡಿಯುವಷ್ಟರಲ್ಲಿ ಗಾಳಿ ಅರ್ಧ ಹಾರಿಸಿತು. ಏನೋ ಕಾಳಿನಂತೆ ಬೆರಳಿಗೆ ಸಿಕ್ಕಿತು. ಅಥವಾ ಸಿಗಬೇಕು ಅಂತಿದ್ದದ್ದರಿಂದ ಸಿಕ್ಕಿತು.

“ಪ್ಲಾಸ್ಟಿಕ್,” ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

ಗೋಂದು ಒಣಗಿರಲಿಲ್ಲ.

ನವೆಂಬರ್ ೩೦, ಶನಿವಾರ

ಇವತ್ತು ಫುಟ್‌ಪಾತಿನ ಮೇಲೆ ನಿಲ್ಲಬೇಕಿರಲಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಕೂತೆವು. ಬೇಕರಿಯವರು ಕೇಕಿನ ಮೇಲೆ ಸಕ್ಕರೆಯಲ್ಲಿ ನರಿ ಬರೆದಿದ್ದರು. ಕ್ಯಾಮೆರಾ ಅದನ್ನು ನೋಡಿ, “ಮೇಷ್ಟ್ರೇ, ಇದು ನರಿ ಥರ ಇದೆ, ನೀವು ಇವರ ಹತ್ರ ಕಲೀಬೇಕು,” ಎಂದಳು. ಎದುರಿನ ಎರಡು ಅಂಗಡಿಯವರೂ ಸ್ಟಿಕರ್ ಕೇಳಿದ್ದಾರಂತೆ. ಮೇಷ್ಟ್ರು ಮಾತು ಮಾತಿಗೂ “ನಮ್ಮ ಮೂಗು” ಎನ್ನುತ್ತಿದ್ದರು. ಕೇಕಿಗೆ ಏಲಕ್ಕಿ ಹಾಕಿದ್ದರೋ ವೆನಿಲ್ಲಾನೋ ಗೊತ್ತಾಗಲಿಲ್ಲ. ಚೆನ್ನಾಗಿದೆ ಎಂದೆ.

ಆಫೀಸಿನಲ್ಲಿ ಹೇಳಲು ಯಾಕೆ ಕಷ್ಟವಾಗಲಿಲ್ಲ? ಅಲ್ಲಿ ನನ್ನ ಬದಲಿಗೆ ಇನ್ನೊಬ್ಬರನ್ನು ಕೂರಿಸಬಹುದು. ಇಲ್ಲಿ ಮೂಗು ಹೋದರೆ ನಾನು ಯಾರು ಎನ್ನುವುದು ನನಗೇ ಸ್ಪಷ್ಟವಿಲ್ಲ. ಫಲಕ ಹಿಡಿಯುವ ಕೈ ಎಷ್ಟೋ ಇವೆ. ಇವೆಯೇ? ನಾಲ್ಕು ಜನಕ್ಕೆ ಎಂಟು ಕೈ.

ಮನೆಯಲ್ಲಿ ಅತ್ತೆ ಊಟದ ಪಾತ್ರೆಗಳನ್ನು ಒಂದೊಂದೇ ಮೂಸಿ ನನ್ನ ಮುಂದೆ ಇಡುತ್ತಾರೆ. “ಇದು ನಿನ್ನೇದು, ಕೆಟ್ಟಿಲ್ಲ, ತಿನ್ನು.” ತಿನ್ನುತ್ತೇನೆ.

ಡಿಸೆಂಬರ್ ೩, ಮಂಗಳವಾರ

ಆಯಾಸ. ಬಣ್ಣದ ಮೇಜಿನಲ್ಲಿ ಕಣ್ಣು ಸೋಲುತ್ತದೆ. ಬಸ್ಸಿನಲ್ಲಿ ಆ ಕೋಟು ಹಾಕಿದ ಇಬ್ಬರನ್ನು ನೋಡಿದೆ. ಕಳೆದ ವಾರದವರೆಗೆ ಬೀದಿಯಲ್ಲಿ ಒಂದೂ ಇರಲಿಲ್ಲ.

ಡಿಸೆಂಬರ್ ೫, ಗುರುವಾರ

ಸಂಜೆ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಒಬ್ಬಾಕೆ, ಅದೇ ಕೋಟು, ಟೋಪಿ ಬೆನ್ನ ಮೇಲೆ ಇಳಿಬಿಟ್ಟಿತ್ತು. ಆಕೆ ಬೆಂಚಿನ ಮೇಲೆ ಕೂತೊಡನೆ ಬೀದಿನಾಯಿಯೊಂದು ಹಿಂದಿನಿಂದ ಬಂದು ಟೋಪಿಯ ಅಂಚನ್ನು ಮೂಸತೊಡಗಿತು. ಓಡಿಸಿದರೂ ಮತ್ತೆ ಬಂತು. ಬೊಗಳಲಿಲ್ಲ, ಕಚ್ಚಲಿಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಮೂಸಿ, ಸುತ್ತ ನೋಡಿ, ಮತ್ತೆ ಮೂಸಿತು. ಯಾರನ್ನೋ ಹುಡುಕುವ ಹಾಗೆ.

“ಇದಕ್ಕೇನಾಗಿದೆ?” ಎಂದಳು ಆಕೆ. ಆಮೇಲೆ ನನ್ನ ಚೀಲದ ಮೇಲಿದ್ದ ಬಳಗದ ಬಿಲ್ಲೆ ನೋಡಿ ನಕ್ಕಳು. “ಹೆದರಬೇಡಿ, ಇದು ನಿಜವಾದ ಫರ್ ಅಲ್ಲ. ನಿಮ್ಮ ಸ್ಟಿಕರ್ ನೋಡೇ ತಗೊಂಡಿದ್ದು. ನಾನು ಜನ್ಮದಲ್ಲಿ ಫರ್ ಹಾಕಿದವಳಲ್ಲ.”

ಬಸ್ಸಿನಲ್ಲಿ ಆಕೆಯ ಹಿಂದಿನ ಸೀಟೇ ಸಿಕ್ಕಿತು. ಬಸ್ಸು ತಿರುವಿನಲ್ಲಿ ಓಲಾಡಿದಾಗ ಅಂಚಿನಿಂದ ಒಂದು ಚಿಟಿಕೆ ಕಿತ್ತೆ. ಆಕೆ ತಿರುಗಿದಳು. “ದಾರ ಅಂಟಿಕೊಂಡಿತ್ತು,” ಎಂದೆ. “ಥ್ಯಾಂಕ್ಸ್,” ಎಂದಳು.

ಮನೆಗೆ ಬಂದು ಅಡುಗೆಮನೆಯ ಬಾಗಿಲು ಕಿಟಕಿ ಮುಚ್ಚಿ, ತಟ್ಟೆಯಲ್ಲಿ ಅಷ್ಟನ್ನೂ ಇಟ್ಟು ಕಡ್ಡಿ ಗೀರಿದೆ. ಬಗ್ಗಿದೆ. ಬಿಳಿ ಗೋಡೆ. ಬೆರಳಿಂದ ಒತ್ತಿದೆ, ಎಲ್ಲ ಪುಡಿಯಾಯಿತು. ಇನ್ನೊಮ್ಮೆ ಒತ್ತಿ ನೋಡುತ್ತಿದ್ದೆ. ಹೊರಕೋಣೆಯಿಂದ ಅತ್ತೆ ಕೂಗಿದರು.

“ಏನೇ ಅದು, ಯಾರ ಕೂದಲು ಸುಡ್ತಿದ್ದೀಯ?”

ಕೈಯಲ್ಲಿ ತಟ್ಟೆ ಹಿಡಿದು ಹಾಗೇ ನಿಂತಿದ್ದೆ. ಅವರು ಬಂದು ಬಾಗಿಲು ತೆಗೆದರು. ನನ್ನ ಜಡೆ ಎತ್ತಿ ನೋಡಿದರು, ಎಲ್ಲಾದರೂ ಬೆಂಕಿ ತಗುಲಿತೇನೋ ಎಂದು.

“ಪ್ಲಾಸ್ಟಿಕ್ ವಾಸನೆ ಅಲ್ವಾ ಅತ್ತೆ?” ಎಂದು ಕೇಳಿದೆ. ಹೌದು ಎಂದುಬಿಟ್ಟಿದ್ದರೆ ನಂಬುತ್ತಿದ್ದೆನೇನೋ.

“ಪ್ಲಾಸ್ಟಿಕ್ ಯಾಕಾಗುತ್ತೆ? ಕೂದಲೇ. ಪ್ರಾಣೀದು.” ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದರು. “ನೀವು ಸ್ಟಿಕರ್ ಕೊಟ್ಟ ಅಂಗಡೀದಾ?”

ಹೂಂ ಎಂದೆ. ಅವರು ಏನಾದರೂ ಚುಚ್ಚುತ್ತಾರೆ ಎಂದು ಕಾದೆ. ಚಹಾ ಮಾಡಿಕೊಟ್ಟರು.

ಡಿಸೆಂಬರ್ ೭, ಶನಿವಾರ

ಬಳಗಕ್ಕೆ ಹೇಳಿದೆ. ಅರ್ಧ ಹೇಳಿದೆ.

ಬಸ್ಸಿನಲ್ಲಿ ಸಿಕ್ಕ ಎಳೆ ಅಸಲಿ ಎಂದೆ. ಬೇಕರಿಯವರು ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡಿದರು. ಮುಂದಿನ ಮಾತು, ಅಂದರೆ ಮೊದಲ ಪರೀಕ್ಷೆಯ ದಿನ ನನಗೆ ವಾಸನೆಯೇ ತಿಳಿಯುತ್ತಿರಲಿಲ್ಲ ಎಂಬುದು, ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಕ್ಯಾಮೆರಾ ಮೇಜು ಗುದ್ದಿದಳು.

“ಬದಲಾಯಿಸಿದ್ದಾಳೆ. ನಮಗೆ ಒಂದು ತೋರಿಸಿ, ಸ್ಟಿಕರ್ ಬಿದ್ದ ಮೇಲೆ ಇನ್ನೊಂದು ತರಿಸಿದ್ದಾಳೆ ಆ ಮ್ಯಾನೇಜರಮ್ಮ. ಆವತ್ತು ಅಕ್ಕ ಮೂಸಿದ್ದು ಪ್ಲಾಸ್ಟಿಕ್ಕೇ ಅಲ್ವಾ? ಅಕ್ಕನ ಮೂಗು ತಪ್ಪುತ್ತಾ?”

ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು. “ನಾವು ಒಳಗೆ ಹೋಗಬಾರದಿತ್ತು. ಹೊರಗೇ ಇರಬೇಕಿತ್ತು.”

ಮುಂದಿನ ಶನಿವಾರಕ್ಕೆ ಫಲಕ ಮಾಡುವುದೆಂದು ತೀರ್ಮಾನವಾಯಿತು. ಕ್ಯಾಮೆರಾ ಹತ್ತಿರ ಮ್ಯಾನೇಜರ್ ಸ್ಟಿಕರ್ ಅಂಟಿಸುವಾಗ ತೆಗೆದ ಫೋಟೊ ಇದೆ. ಅದನ್ನೇ ದೊಡ್ಡದು ಮಾಡಿಸಿ, ಕೆಳಗೆ ‘ಮೋಸ’ ಎಂದು ಬರೆಯುವುದು.

ನಾನು ಸುಮ್ಮನೆ ಕೂತಿದ್ದೆ. ಕೂತಲ್ಲಿಂದ ಏಳಲಿಕ್ಕೂ ಆಗದಷ್ಟು ಸುಸ್ತಾಗಿತ್ತು. ಅದು ಕಾರಣವಲ್ಲ, ಬರಿದೆ ಬರೆದಿಡುತ್ತಿದ್ದೇನೆ.

ಡಿಸೆಂಬರ್ ೧೦, ಮಂಗಳವಾರ

ಪರೀಕ್ಷಾಲಯದ ಗೇಟಿನ ಹತ್ತಿರ ಮ್ಯಾನೇಜರ್ ಕಾಯುತ್ತಿದ್ದರು. ಕ್ಯಾಮೆರಾ ಫೋನು ಮಾಡಿ ಬಾಯಿಗೆ ಬಂದಂತೆ ಬೈದಿದ್ದಾಳೆ. ಕೊರಳಲ್ಲಿ ಟೇಪು ಹಾಗೇ ಇತ್ತು, ತೆಗೆಯುವುದು ಮರೆತಿರಬೇಕು.

“ನಾನು ಏನೂ ಬದಲಾಯಿಸಿಲ್ಲ ಮೇಡಂ. ನೀವು ನೋಡಿದ್ದೂ ಅದೇ ಮಾಲು, ಈಗ ಮಾರ್ತಿರೋದೂ ಅದೇ. ನಮಗೆ ನಕಲಿ ಅಂತಲೇ ಹೇಳಿ ಕಳಿಸಿದ್ದು. ಅಗ್ಗದ ಅಸಲಿ ತುಪ್ಪಳನ ನಕಲಿ ಅಂತ ದಾಟಿಸೋರು ಇರ್ತಾರಂತೆ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರುತ್ತಲ್ಲ. ನೀವೇ ಅಲ್ವಾ ಮೂಸಿ ನೋಡಿದ್ದು?”

“ಹೌದು,” ಎಂದೆ.

“ನನ್ನ ಫೋಟೊ ಹಾಕಿ ಮೋಸ ಅಂತ ಬರೀತಾರಂತೆ. ಅಂಗಡಿ ಯಜಮಾನರು ನನ್ನನ್ನ ಇಟ್ಕೊಳ್ಳಲ್ಲ. ನೀವು ಒಂದು ಮಾತು ಹೇಳಿ ಮೇಡಂ. ನೀವು ಹೇಳಿದ್ರೆ ಅವರು ಕೇಳ್ತಾರೆ.”

“ನೋಡ್ತೀನಿ,” ಎಂದೆ. ಇಷ್ಟು ಓದಿ, ಇಷ್ಟು ಯೋಚಿಸಿ, ಬಾಯಿಂದ ಬಂದದ್ದು ನೋಡ್ತೀನಿ.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಯಾಕೆ ಅವರಿಗೇ ಹೇಳಿದೆನೋ. ಮನೆಯಲ್ಲಿ ಇನ್ಯಾರಿದ್ದಾರೆ. ಅವರು ಸೊಪ್ಪು ಬಿಡಿಸುತ್ತ ಕೇಳಿದರು.

“ನಿನಗೆ ವಾಸನೆ ಬರಲ್ಲ ಅಂತ ಅವರಿಗೆ ಗೊತ್ತಾ?”

“ಇಲ್ಲ.”

“ಆ ಹೆಂಗಸಿಗೆ?”

“ಇಲ್ಲ.”

“ಹಾಗಾದ್ರೆ ನಿನ್ನ ಆಫೀಸು ಬಿಟ್ರೆ ಗೊತ್ತಿರೋದು ನಂಗೊಬ್ಬಳಿಗೇ ಅನ್ನು. ದೊಡ್ಡ ಮರ್ಯಾದೆ ಕೊಟ್ಟೆ ಬಿಡು.”

ಆಮೇಲೆ ತಾವಾಗಿಯೇ ಹಜಾರಕ್ಕೆ ಹೋಗಿ ಕೋಟು ತಂದರು. ಕಾಲರನ್ನು ನನ್ನ ಮುಂದೆ ಹಿಡಿದರು. “ಇದರಿಂದಲೂ ಎರಡು ಎಳೆ ಕಿತ್ಕೋ. ಸುಡು, ನಾನು ಮೂಸಿ ಹೇಳ್ತೀನಿ. ಎಷ್ಟೋ ವರ್ಷದಿಂದ ನಿನ್ನ ಕಣ್ಣು ಇದರ ಮೇಲೇ ಇದೆ, ನಂಗೆ ಕಾಣಲ್ವಾ? ಅವನಿಗೂ ಹಳೇ ಬಟ್ಟೆಯವನು ಏನು ಹೇಳಿ ಕೊಟ್ಟನೋ.”

ಬೇಡ ಎಂದೆ. ಸುಮ್ಮನೆ ಯಾಕೆ, ಕಡ್ಡಿಪೆಟ್ಟಿಗೆ ಹುಡುಕಬೇಕು. ಕೋಟನ್ನು ತೆಗೆದುಕೊಂಡು ಹೋಗಿ ಗೂಟಕ್ಕೆ ಹಾಕಿದೆ. ತೋಳೊಂದು ಮಡಚಿಕೊಂಡಿತ್ತು, ಸರಿಮಾಡಿದೆ.

ಡಿಸೆಂಬರ್ ೧೧, ಬುಧವಾರ

ಮೇಷ್ಟ್ರ ಮನೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಒಳಗೆ ಕೆಮ್ಮುತ್ತಿದ್ದರು.

ಡಿಸೆಂಬರ್ ೧೩, ಶುಕ್ರವಾರ

ಹೇಳಿದೆ.

ಬೇಕರಿಯ ಹಿಂದಿನ ಕೋಣೆಯಲ್ಲಿ ಫಲಕಗಳು ಒಣಗಲು ಗೋಡೆಗೆ ಒರಗಿದ್ದವು. ಎಲ್ಲದರ ಮೇಲೂ ಮ್ಯಾನೇಜರ್ ಮುಖ, ಸ್ಟಿಕರ್ ಅಂಟಿಸುತ್ತ ನಗುತ್ತಿರುವುದು. ಅಷ್ಟು ಸಲ ಒಂದೇ ನಗು ನೋಡಿದ ಮೇಲೆ ಕೂರಲು ಆಗಲಿಲ್ಲ. ನಿಂತೇ ಹೇಳಿದೆ. ಜ್ವರ ಬಂದದ್ದು, ಮೂಗು ಹೋದದ್ದು, ಆವತ್ತು ತಟ್ಟೆಯ ಮೇಲೆ ಬಗ್ಗಿದಾಗ ಏನೂ ತಿಳಿಯದೆ ಪ್ಲಾಸ್ಟಿಕ್ ಎಂದದ್ದು. ಮ್ಯಾನೇಜರ್ ಏನೂ ಬದಲಾಯಿಸಿಲ್ಲ ಎಂಬುದು.

ಬೇಕರಿಯವರು ಕೈಗೆ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೇಳಿ ಒಳಗೆ ಹೋದರು.

“ಆಫೀಸಲ್ಲಿ ಹೇಳಿದ್ರಾ ಅಕ್ಕ?” ಎಂದು ಕೇಳಿದಳು ಕ್ಯಾಮೆರಾ.

“ಮೊದಲ ದಿನವೇ.”

“ಅಲ್ಲಿ ಹೇಳಿದ್ರಿ. ಇಲ್ಲಿ ಹೇಳಲಿಲ್ಲ.” ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. “ಎದುರಿನ ಅಂಗಡಿಯವರು ಇನ್ಯಾವತ್ತಾದರೂ ನಮ್ಮ ಸ್ಟಿಕರ್ ಮುಟ್ಟುತ್ತಾರಾ? ಎಷ್ಟು ಜನ ನಮ್ಮನ್ನ ನಂಬಿ ಆ ಕೋಟು ತಗೊಂಡ್ರು, ಅಷ್ಟು ಪ್ರಾಣಿಗಳನ್ನ ನಾವೇ ಕೊಂದ ಹಾಗಾಯ್ತಲ್ಲ.”

ಹೌದು ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು.

“ನಂಗೆ ಬಂದಿತ್ತು ಕಣಮ್ಮ.”

“ಏನು ಮೇಷ್ಟ್ರೇ?”

“ವಾಸನೆ. ಆವತ್ತು ಗೋಡೆ ಪಕ್ಕ ನಿಂತಿದ್ದಾಗ ಒಂದು ಸಲ ಸುಟ್ಟ ಕೂದಲ ವಾಸನೆ ಬಂದ ಹಾಗಾಯ್ತು. ನೀನು ಪ್ಲಾಸ್ಟಿಕ್ ಅಂದೆ. ಮೂಗು ಹೇಳಿದ ಮೇಲೆ ಮುಗೀತು, ನಂದು ಭ್ರಮೆ ಅಂದ್ಕೊಂಡೆ.” ಕನ್ನಡಕ ಮತ್ತೆ ಹಾಕಿಕೊಳ್ಳುತ್ತ, “ಅಂದ್ಕೊಳ್ಳೋಕೆ ಇಷ್ಟ ಆಯ್ತು,” ಎಂದರು.

ಕ್ಯಾಮೆರಾ ಇಬ್ಬರನ್ನೂ ನೋಡಿದಳು. ಎದ್ದು ಹೋಗಿ ಗೋಡೆಯ ಪಕ್ಕದ ಫಲಕಗಳನ್ನು ಒಂದೊಂದಾಗಿ ತಿರುಗಿಸಿ ಇಟ್ಟಳು, ಖಾಲಿ ಬದಿ ಹೊರಗೆ ಬರುವಂತೆ. “ಹಿಂದೆ ಬರೀಬಹುದು,” ಎಂದಳು. ನನ್ನನ್ನು ಉದ್ದೇಶಿಸಿ ಅಲ್ಲ.

ಬರುವಾಗ ಬೇಕರಿಯವರು ಕೈಗೊಂದು ಪೊಟ್ಟಣ ಕೊಟ್ಟರು. ನಿನ್ನೆಯ ಬನ್ನು. ಪ್ರತಿ ಸಲ ಕೊಡುತ್ತಿದ್ದರು, ಇವತ್ತೂ ಕೊಟ್ಟರು.

ಡಿಸೆಂಬರ್ ೧೪, ಶನಿವಾರ

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರೆ ಅತ್ತೆ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು.

“ನೀವೆಲ್ಲಿಗೆ?”

“ಅಂಗಡಿಗೆ ಹೋಗಿ ಇನ್ನೊಂದು ಸಲ ಸುಟ್ಟು ತೋರಿಸು ಅಂದ್ರೆ ಯಾರ ಮೂಗು ತಗೊಂಡು ಹೋಗ್ತೀಯ? ನಿಂದು ರಜದ ಮೇಲಿದೆ.”

ಕೋಟು ಬೇಡ ಎನ್ನಬೇಕಿತ್ತು. ಚಳಿಯೂ ಇತ್ತು.

ಮೇಷ್ಟ್ರು ಕಾಲರನ್ನು ನೋಡಿ ಬಾಯಿ ತೆರೆದರು, ನನ್ನನ್ನು ನೋಡಿ ಮುಚ್ಚಿದರು. ಮೇಲಿನ ಮಹಡಿಯ ಕೋಣೆಯಲ್ಲಿ ಮ್ಯಾನೇಜರಿಗೆ ನಾನೇ ಹೇಳಿದೆ: ಆವತ್ತು ನನಗೆ ವಾಸನೆ ಬರುತ್ತಿರಲಿಲ್ಲ, ತಪ್ಪು ನಮ್ಮದು, ನಿಮ್ಮದಲ್ಲ. ಅವರು 'ಸುಡುವುದು ಬೇಡ' ಎಂದು ಕೋಟೊಂದನ್ನು ತಂದು ಮೇಜಿನ ಮೇಲೆ ಹಾಸಿ, ಬ್ಲೇಡು ತೆಗೆದು ಟೋಪಿಯ ಅಂಚಿನ ಹೊಲಿಗೆಯನ್ನು ತಾವೇ ಬಿಚ್ಚಿದರು. ಒಳಗೆ ಬಿಳಿ ತೊಗಲಿತ್ತು. ತೆಳ್ಳಗೆ, ಮೆತ್ತಗೆ. ಅವರು ಅದನ್ನು ಬೆರಳ ತುದಿಯಿಂದ ಮುಟ್ಟಿ ಕೈ ಹಿಂದೆಗೆದರು.

“ನೀವು ಹೇಳಿದ್ರಿ ಅಂತ ನನ್ನ ತಂಗಿಗೂ ಒಂದು ಕೊಡಿಸಿದೆ ಮೇಡಂ,” ಎಂದರು.

ಕ್ಷಮೆ ಕೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಯಜಮಾನರಿಗೆ ಫೋನು ಮಾಡಿದರು. ಆ ಕಡೆಯ ಮಾತು ನಮಗೂ ಅಷ್ಟಿಷ್ಟು ಕೇಳುತ್ತಿತ್ತು. ಬಂದ ಮಾಲು ಬಂದಾಗಿದೆ, ಮಾರಿ ಮುಗಿಸಿ, ಬೇಕಿದ್ದರೆ ಸ್ಟಿಕರ್ ತೆಗೆಯಿರಿ. ಅಷ್ಟೇ. ಮ್ಯಾನೇಜರ್ ಕೆಲಸ ಉಳಿಯಿತು. ನಾವು ಇಳಿದು ಬರುವಾಗ ಅವರು ಬಾಗಿಲ ಪಕ್ಕದ ಬೊಂಬೆಯ ಮೈಮೇಲಿನ ಕೋಟನ್ನು ಬಿಚ್ಚುತ್ತಿದ್ದರು. ಒಳಗಿನ ಸಾಲಿಗೆ ತೂಗುಹಾಕಲಿಕ್ಕಿರಬೇಕು. ಬೊಂಬೆ ಬರಿಮೈಯಲ್ಲಿ ನಿಂತಿತ್ತು.

ಸ್ಟಿಕರ್ ಕೀಳುವ ಕೆಲಸ ನನಗೇ ಬಂತು. ಒಣಗಿದೆಯೇನೋ ಎಂದು ಮೇಷ್ಟ್ರು ಹೆದರಿದ್ದ ಗೋಂದು ಉಗುರು ಮುರಿದರೂ ಬಿಡಲಿಲ್ಲ. ಅತ್ತೆ ಸೆರಗು ಒದ್ದೆಮಾಡಿ ಕೊಟ್ಟರು. “ಮೂಲೆಯಿಂದ ಎಬ್ಬಿಸು. ಹಾಗಲ್ಲ, ಹೀಗೆ.” ಇಬ್ಬರೂ ಸೇರಿ ಗಾಜು ಒರೆಸಿ ಮುಗಿಸಿದೆವು.

ಎದುರಿನ ಅಂಗಡಿಗಳ ಬಾಗಿಲಲ್ಲಿ ಜನ ನಿಂತು ನೋಡುತ್ತಿದ್ದರು.

ಡಿಸೆಂಬರ್ ೨೧, ಶನಿವಾರ

ಮತ್ತೆ ಫುಟ್‌ಪಾತು. ಮೇಷ್ಟ್ರು ಫಲಕದ ಖಾಲಿ ಬದಿಯಲ್ಲಿ ಹೊಸದಾಗಿ ಬರೆದಿದ್ದಾರೆ: ‘ಈ ತುಪ್ಪಳ ಅಸಲಿ. ನಕಲಿ ಎಂದದ್ದು ನಾವು. ನಮ್ಮ ತಪ್ಪು.’ ಕೆಳಗೆ ಪುಟ್ಟ ನರಿ. ಈ ಸಲ ಬೇಕರಿಯವರು ಬಾಲ ತಿದ್ದಿಕೊಟ್ಟರಂತೆ. ಕ್ಯಾಮೆರಾ ಬಂದಳು. ನನ್ನ ಜೊತೆ ಮಾತಾಡಲಿಲ್ಲ. ಚಹಾ ತಂದಾಗ ನನಗೂ ಒಂದು ಲೋಟ ತಂದಳು, ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು.

ಓದಿ ನಕ್ಕವರು ಹೆಚ್ಚು. ಆ ಕೋಟು ಕೊಂಡಿದ್ದ ಒಬ್ಬಾಕೆ ಬಂದು, ಮೊದಲೇ ಹೇಳಬಾರದಿತ್ತಾ ಎಂದು ಜಗಳಾಡಿದಳು. ಬಸ್ ನಿಲ್ದಾಣದಲ್ಲಿ ಸಿಕ್ಕವಳಲ್ಲ, ಬೇರೆ. ಅವಳಿಗೆ ನಾನೇ ಉತ್ತರ ಹೇಳಿದೆ. ಮೂಗಿನ ಕಥೆಯನ್ನು ಈಗ ಎಲ್ಲರಿಗೂ ಹೇಳುತ್ತೇನೆ, ಕರಪತ್ರ ಕೊಟ್ಟಷ್ಟೇ ಸಲೀಸಾಗಿ.

ಅತ್ತೆಯೂ ಬಂದಿದ್ದರು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದರು. ಮಡಚುವ ಕುರ್ಚಿ ತಂದು, ಕೋಟಿನ ಕಾಲರು ಕಿವಿಯವರೆಗೆ ಎಳೆದುಕೊಂಡು, ಫಲಕದ ಕೆಳಗೇ ಕೂತರು. ಯಾರಾದರೂ ಕಾಲರು ಕಂಡಾರೆಂದು ಮೇಷ್ಟ್ರು ಅತ್ತಿತ್ತ ನೋಡುತ್ತಿದ್ದಂತೆಯೇ ಒಬ್ಬಾಕೆ ನಿಂತುಬಿಟ್ಟಳು.

“ಫರ್ ಬೇಡ ಅಂತ ಕರಪತ್ರ ಹಂಚ್ತಿದ್ದೀರ. ಅಜ್ಜಿ ಕುತ್ತಿಗೇಲೇ ಇದೆಯಲ್ಲ.”

ನಾನು ಏನಾದರೂ ಹೇಳುವ ಮೊದಲೇ ಅತ್ತೆ ಮುಖವೆತ್ತಿದರು.

“ಇದು ಸತ್ತು ಎಷ್ಟೋ ವರ್ಷ ಆಯ್ತಮ್ಮ. ನೀನು ಮುಂದಿನ ವರ್ಷ ಕೊಳ್ಳೋದು ಈಗಿನ್ನೂ ಎಲ್ಲೋ ಓಡಾಡ್ಕೊಂಡಿದೆ. ಅದಕ್ಕೆ ಇಲ್ಲಿ ಕೂತಿದ್ದೀನಿ.”

ಆಕೆ ಕರಪತ್ರ ತೆಗೆದುಕೊಂಡು ಹೋದಳು. ತಿರುವಿನವರೆಗೆ ಕಣ್ಣಿಟ್ಟೆ. ತೊಟ್ಟಿಗೆ ಹಾಕಲಿಲ್ಲ. ಮುಂದೆ ಎಲ್ಲಿ ಹಾಕಿದಳೋ.

ಮೇಷ್ಟ್ರು ಆ ಮಾತನ್ನು ಫಲಕಕ್ಕೆ ಬರೆಯಬೇಕು ಎಂದರು. “ಬರೀರಿ. ಆದ್ರೆ ಅದರ ಕೆಳಗೆ ಆ ಬೆಕ್ಕು ಬರೀಬೇಡಿ,” ಎಂದರು ಅತ್ತೆ. ಕ್ಯಾಮೆರಾ ನಕ್ಕಳು. ನಗುವಾಗ ಒಮ್ಮೆ ನನ್ನ ಕಡೆಯೂ ನೋಡಿದಳು, ಮರೆತು.

ಬಸ್ಸಿನಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಕಾಲರು ಕೆನ್ನೆಗೆ ಚುಚ್ಚುತ್ತಿತ್ತು. ಇಳಿಯುವವರೆಗೆ ಹಾಗೇ ಕೂತಿದ್ದೆ.

ಕಾಲು ಬಹಳ ನೋಯುತ್ತಿದೆ. ಇನ್ನು ಎಷ್ಟು ಚಳಿಗಾಲ ಹೀಗೆ ನಿಲ್ಲಬೇಕೋ, ನಿಂತರೂ ಏನಾದೀತೋ, ಇವತ್ತು ಯೋಚಿಸಲಾರೆ. ಅತ್ತೆ ಬಂದವರೇ ಕೋಟಿನ ಜೇಬಿಗೆ ಹೊಸ ಗುಳಿಗೆ ತುಂಬಿದ್ದಾರೆ, ಅದರ ವಾಸನೆ ಹಜಾರ ದಾಟಿ ಈ ಕೋಣೆಯವರೆಗೂ ಬಂದು ತಲೆ ಹಿಡಿಯುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಪೆಟ್ಟಿಗೆಗೆ ಹಾಕಿಸಬೇಕು. ಬೇಡ, ಇರಲಿ. ಶನಿವಾರ ಅವರಿಗೆ ಮತ್ತೆ ಬೇಕಾಗುತ್ತದೆ.